ಕೀಬೋರ್ಡ್ ತೊಳೆದ ಖಂಡೆ ಪೂಜೆ

ಐವತ್ಮೂರನೆಯ ವಯಸ್ಸಿನಲ್ಲಿ ನಾನು ಕಂಪ್ಯೂಟರ್ ಅಕ್ಕೋರಾದೆ. ಅದಕ್ಕೆ ಪರೀಕ್ಷೆ, ಸಂದರ್ಶನ ಏನೂ ಇರಲಿಲ್ಲ. ಬೆಂಗೇರಿಯ ನಮ್ಮ ಪ್ರಾಥಮಿಕ ಶಾಲೆಯಲ್ಲಿದ್ದ ಐದು ಜನ ಶಿಕ್ಷಕರ ಪೈಕಿ, ಮೊಬೈಲಿನಲ್ಲಿ ಅಡ್ಡ ಬಂದ ಫೋಟೋವನ್ನು ನೆಟ್ಟಗೆ ತಿರುಗಿಸಲು ಬರುತ್ತಿದ್ದುದು ನನಗೊಬ್ಬಳಿಗೆ. ಆ ಒಂದು ವಿದ್ಯೆಯ ಬಲದ ಮೇಲೆ ಹೆಡ್‌ಮಾಸ್ತರರು ನನ್ನನ್ನು ಆರಿಸಿಬಿಟ್ಟರು.

"ಅಕ್ಕೋರ, ಕಂಪ್ಯೂಟರ್ ಖೋಲಿ ಇನ್ನ ನಿಮ್ದರಿ," ಎಂದರು.

"ಸರ್ರ, ನನಗ ಕನ್ನಡ ಕಲಸಾಕ ಬರ್ತೈತಿ, ಗಣಿತ ಕಲಸಾಕ ಬರ್ತೈತಿ. ಇದು ಬರೂದಿಲ್ರಿ."

"ಹುಡುಗೂರಿಗೂ ಬರೂದಿಲ್ಲಲ್ರಿ. ಕೂಡೇ ಕಲೀರಿ."

ಹೆಡ್‌ಮಾಸ್ತರರ ಜೊತೆ ವಾದ ಮಾಡಿ ಗೆದ್ದವರು ಯಾರೂ ಇಲ್ಲ. ಹಣೆಯ ಮೇಲೆ ಮೂರು ಬೆರಳಗಲ ವಿಭೂತಿ, ಬಾಯಲ್ಲಿ ಸದಾ ಒಂದು ಏಲಕ್ಕಿ, ಏನು ಕೇಳಿದರೂ ಒಂದು ನಗು. ನಾನು ಕೀಲಿಕೈ ತೆಗೆದುಕೊಂಡು ಬಂದೆ.

ಕಂಪ್ಯೂಟರ್ ಕೊಟ್ಟಿದ್ದು ಒಂದು ಕಂಪನಿ. ಅವರ ಆಫೀಸಿನಲ್ಲಿ ಹಳತಾದ ಐದು ಕಂಪ್ಯೂಟರುಗಳನ್ನು ಟೆಂಪೋದಲ್ಲಿ ತಂದು ಇಳಿಸಿ, ನಾಲ್ಕನೆಯ, ಐದನೆಯ ತರಗತಿಯ ಮಕ್ಕಳಿಗೆ ಕೋಡಿಂಗ್ ಕಲಿಸಿ ಎಂದು ಹೇಳಿ ಹೋದರು. ಜೊತೆಗೆ ಒಂದು ಷರತ್ತು. ದಸರಾ ಸೂಟಿ ಮುಗಿದ ಮೊದಲ ಸೋಮವಾರ ಬಂದು ನೋಡುತ್ತಾರೆ. ಮಕ್ಕಳು ತಾವೇ ಏನಾದರೂ ಮಾಡಿ ತೋರಿಸಿದರೆ ಸರಿ. ಇಲ್ಲದಿದ್ದರೆ ಐದನ್ನೂ ಅದೇ ಟೆಂಪೋದಲ್ಲಿ ಹೇರಿಕೊಂಡು ವಿದ್ಯಾನಗರದ ಕಡೆ ಬೇರೊಂದು ಶಾಲೆಗೆ ಕೊಡುತ್ತಾರೆ. ಆ ಶಾಲೆಯವರು ಆಗಲೇ ಅರ್ಜಿ ಹಾಕಿ ಕಾಯುತ್ತಿದ್ದರಂತೆ. ಮೊದಲ ವಾರ ನನಗೆ ಈ ಷರತ್ತು ಬಲು ಹಿತವಾಗಿ ಕೇಳಿಸಿತ್ತು. ದಸರಾ ತನಕ ಹೇಗೋ ಸಾಗಿಸಿದರೆ ಪೀಡೆ ತಾನಾಗಿ ತೊಲಗುತ್ತದೆ ಎಂದುಕೊಂಡಿದ್ದೆ.

ಕಲಿಯುವ ಕೆಲಸ ಶುರುವಾದದ್ದು ವಿದ್ಯಾನಗರದಲ್ಲೇ. ನನ್ನ ತಮ್ಮನ ಮನೆ ಅಲ್ಲಿ. ಅವನ ಮಗಳು ಕಾಲೇಜು ಓದುತ್ತಾಳೆ. ಭಾನುವಾರ ಬಸ್ಸು ಹಿಡಿದು ಹೋಗಿ ಅವಳ ಎದುರು ವಿದ್ಯಾರ್ಥಿಯಂತೆ ಕೂಡುತ್ತಿದ್ದೆ. ಮೊದಲ ದಿನ ನಾನು ಮೌಸನ್ನು ಕೈಯಲ್ಲಿ ಎತ್ತಿ, ಟೀವಿ ರಿಮೋಟಿನ ಹಾಗೆ ಪರದೆಯ ಕಡೆ ಹಿಡಿದು ಒತ್ತಿದೆ.

"ಅತ್ತಿ, ಅದನ್ನ ಟೇಬಲ್ ಮ್ಯಾಲ ಇಟ್ಟು ಜರಗಸಬೇಕು," ಎಂದಳು ಹುಡುಗಿ, ನಗು ತಡೆದುಕೊಂಡು.

"ಗೊತ್ತೈತಿ. ನೀ ನೋಡ್ತೀಯೋ ಇಲ್ಲೋ ಅಂತ ಪರೀಕ್ಷಾ ಮಾಡಿದೆ," ಎಂದೆ.

ಮೂವತ್ತು ವರ್ಷ ಪಾಠ ಹೇಳಿದವಳಿಗೆ ಸೋಲೊಪ್ಪಿಕೊಳ್ಳುವುದು ಅಷ್ಟು ಸಲೀಸಲ್ಲ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದನ್ನು ನಮ್ಮ ಮನೆಯವರು ಮದುವೆಯಾದ ವಾರಕ್ಕೇ ಕಂಡುಕೊಂಡಿದ್ದರು. ತಮ್ಮನ ಮಗಳು ಎರಡನೆಯ ಭಾನುವಾರಕ್ಕೆ ಕಂಡುಕೊಂಡಳು. ಆದರೂ ಬಿಡದೆ ಕಲಿಸಿದಳು.

ಅವಳು ತೋರಿಸಿಕೊಟ್ಟದ್ದು ಮಕ್ಕಳಿಗೆಂದೇ ಮಾಡಿದ ಒಂದು ಪ್ರೋಗ್ರಾಂ. ಪರದೆಯ ಮೇಲೆ ಒಂದು ನವಿಲು ನಿಂತಿರುತ್ತದೆ. ಪಕ್ಕದಲ್ಲಿ ಬಣ್ಣಬಣ್ಣದ ತುಂಡುಗಳು: 'ಹತ್ತು ಹೆಜ್ಜೆ ನಡೆ', 'ಬಲಕ್ಕೆ ತಿರುಗು', 'ಗೆರೆ ಎಳೆ'. ಬೇಕಾದ ತುಂಡುಗಳನ್ನು ಮೌಸಿನಿಂದ ಎಳೆದು ಒಂದರ ಕೆಳಗೊಂದು ಜೋಡಿಸಿದರೆ ನವಿಲು ಹೇಳಿದ ಹಾಗೆ ಕೇಳುತ್ತದೆ. ಇಷ್ಟೇ. ಮನೆಯಲ್ಲಿ ಯಾರೂ ಹೇಳಿದ ಹಾಗೆ ಕೇಳದ ನನಗೆ ಆ ನವಿಲು ಒಂದೇ ದಿನದಲ್ಲಿ ಪ್ರಾಣಕ್ಕೆ ಪ್ರಾಣವಾಯಿತು. ಮೂರನೆಯ ಭಾನುವಾರ ನಾನು ಅದರಿಂದ ಒಂದು ಚೌಕ ಬರೆಸಿ, ತಮ್ಮನ ಹೆಂಡತಿಯನ್ನು ಅಡುಗೆಮನೆಯಿಂದ ಕರೆದು ತೋರಿಸಿದೆ. ಅವಳು ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದು ನೋಡಿ, "ಛಲೋ ಆಗೈತ್ರಿ ವೈನಿ," ಎಂದು ಹೋದಳು.

ಮಕ್ಕಳಿಗೆ ಇದನ್ನು ಹೇಳಿಕೊಡುವುದು ಬೇರೆಯೇ ಮಾತು. ಹದಿನೈದು ಮಕ್ಕಳು, ಐದು ಕಂಪ್ಯೂಟರು, ದಿನಕ್ಕೆರಡು ಸಲ ಹೋಗುವ ಕರೆಂಟು. ಕರೆಂಟು ಹೋದಾಗ ಏನು ಮಾಡುವುದು? ಮೈದಾನಕ್ಕೆ ಕರೆದುಕೊಂಡು ಹೋಗಿ ಸುಣ್ಣದ ಪುಡಿಯಲ್ಲಿ ಚೌಕಗಳನ್ನು ಎಳೆದು, ನಾನೇ ಕಂಪ್ಯೂಟರ್ ಆಗಿ ನಿಂತೆ.

"ನಾ ಈಗ ಅಕ್ಕೋರ ಅಲ್ಲ. ಕಂಪ್ಯೂಟರ್. ನನಗ ತಲಿ ಇಲ್ಲ. ನೀವು ಹೇಳಿದಷ್ಟ ಮಾಡತೇನಿ. ಹೇಳ್ರಿ, ಏನ ಮಾಡಲಿ?"

ಒಬ್ಬರನ್ನೊಬ್ಬರು ಮುಂದಕ್ಕೆ ತಳ್ಳಿದರು. ಅಕ್ಕೋರಿಗೆ ಅಪ್ಪಣೆ ಕೊಡುವುದೆಂದರೇನು! ಕೊನೆಗೆ ಒಬ್ಬ ಹುಡುಗ ಕೈಮುಗಿದುಕೊಂಡೇ, "ಅಕ್ಕೋರ, ನಿಮಗ ತ್ರಾಸ ಆಗೂದಿಲ್ಲಂದ್ರ, ಒಂದ ಹೆಜ್ಜಿ ಮುಂದ ಬರ್ರಿ," ಎಂದ. ನಾನು ಒಂದು ಹೆಜ್ಜೆ ಮುಂದಿಟ್ಟೆ. ಹದಿನೈದು ಜನರ ಕಣ್ಣೂ ಅರಳಿದವು. ಅಲ್ಲಿಂದ ಮುಂದೆ ನನ್ನ ಮರ್ಯಾದೆ ಉಳಿಯಲಿಲ್ಲ. ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು, ಕುಡಿಯುವ ನೀರಿನ ಡ್ರಮ್ಮಿಗೆ ಹೊಟ್ಟೆ ತಾಗುವವರೆಗೂ ನಡೆಸಿದರು. ಹೇಳಿದ್ದಷ್ಟೇ ಮಾಡುತ್ತೇನೆ ಎಂದಿದ್ದೆನಲ್ಲ, ತಾಗಿದ ಮೇಲೂ ಅಲ್ಲೇ ಕಾಲು ಆಡಿಸುತ್ತ ನಿಂತೆ. ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಕಿಟಕಿಯಿಂದ ನೋಡುತ್ತಿದ್ದ ಹೆಡ್‌ಮಾಸ್ತರರು ಏಲಕ್ಕಿ ನುಂಗಿಬಿಟ್ಟರೆಂದು ಆಮೇಲೆ ತಿಳಿಯಿತು.

ಇನ್ನೊಂದು ದಿನ "ಧ್ವಜದ ಕಂಬದ ಸುತ್ತ ಸುತ್ತರಿ" ಎಂದರು. ಸುತ್ತಿದೆ. ಒಂದು, ಎರಡು, ಐದು, ಹತ್ತು. ಬಿಸಿಲು ಚುರುಗುಡುತ್ತಿತ್ತು, ತಲೆ ತಿರುಗತೊಡಗಿತು. ನಿಲ್ಲು ಎಂದು ಯಾರೂ ಹೇಳುತ್ತಿಲ್ಲ. ನಾನೂ ಛಲ ಬಿಡಲಿಲ್ಲ. ಹನ್ನೊಂದನೆಯ ಸುತ್ತಿಗೆ ಐದನೆಯ ತರಗತಿಯ ಒಬ್ಬ ಹುಡುಗಿ ಹಣೆ ಚಚ್ಚಿಕೊಂಡು ಕೂಗಿದಳು:

"ಏ, ಎಲ್ಲೀತನಕಾ ಅಂತ ನಾವು ಹೇಳೇ ಇಲ್ಲ!"

ಆ ಹುಡುಗಿಯ ಬಗ್ಗೆ ಹೇಳಬೇಕು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಸಣ್ಣ ಜಡೆ, ಅವಕ್ಕಿಂತ ದೊಡ್ಡ ರಿಬ್ಬನ್ನು. ಅವಳ ಅವ್ವ ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತಾಳೆ. ಹುಡುಗಿ ಮಾತು ಕಡಿಮೆ ಆಡುತ್ತಾಳೆ, ಆಡಿದರೆ ಪ್ರಶ್ನೆಯನ್ನೇ ಆಡುತ್ತಾಳೆ. ಕಂಬ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದ ನನ್ನ ಹತ್ತಿರ ಬಂದು ವಿವರಿಸಿದಳು:

"ಅಕ್ಕೋರ, ನಮ್ಮವ್ವ ರೊಟ್ಟಿ ಬಡಿ ಅಂತ ಬರೇ ಹೇಳೂದಿಲ್ರಿ. ಹಂಚಿನಷ್ಟ ಅಗಲ ಆಗೂತನಕಾ ಬಡಿ ಅಂತಾಳ್ರಿ."

"ಹೌದ ನೋಡು. ಕಂಪ್ಯೂಟರಿಗೆ ದಣಿವಿಲ್ಲ, ಬ್ಯಾಸರಿಲ್ಲ. ಎಲ್ಲೀತನಕಾ ಅಂತ ಹೇಳಲಿಲ್ಲಂದ್ರ ಕರೆಂಟ್ ಹೋಗೂತನಕಾ ಸುತ್ತಕೋತ ಇರ್ತೈತಿ," ಎಂದೆ. ಬಡ ಅಕ್ಕೋರಿಗೆ ದಣಿವಿದೆ ಎಂದು ಹೇಳಲು ಹೋಗಲಿಲ್ಲ.

ಅಂದಿನಿಂದ 'ಎಲ್ಲೀತನಕಾ' ಎನ್ನುವುದು ನಮ್ಮ ಖೋಲಿಯ ಮಂತ್ರವಾಯಿತು. ಯಾರಾದರೂ ನವಿಲಿಗೆ 'ಮತ್ತೆ ಮತ್ತೆ ಮಾಡು' ಎನ್ನುವ ತುಂಡು ಜೋಡಿಸಿದರೆ ಸಾಕು, ಉಳಿದ ಹದಿನಾಲ್ಕು ಜನ ಒಂದೇ ಉಸಿರಿಗೆ "ಎಲ್ಲೀತನಕಾ?" ಎಂದು ಅರಚುತ್ತಿದ್ದರು. ಸೆಪ್ಟೆಂಬರ್ ಹೊತ್ತಿಗೆ ನಮ್ಮ ನವಿಲು ಎಂಟು ದಳದ ರಂಗೋಲಿ ಬಿಡಿಸುತ್ತಿತ್ತು. ಅದನ್ನು ಮಾಡಿದವಳು ಅದೇ ಹುಡುಗಿ. ಕಂಪನಿಯವರಿಗೆ ತೋರಿಸಲು ಅದನ್ನೇ ಇಟ್ಟುಕೊಂಡೆವು.

ಇಷ್ಟರಲ್ಲಿ ನನ್ನ ಮನಸ್ಸೂ ತಿರುಗಿಬಿಟ್ಟಿತ್ತು. ಪೀಡೆ ತೊಲಗಲಿ ಎಂದವಳು ಈಗ ಬೆಳಿಗ್ಗೆ ಹತ್ತು ನಿಮಿಷ ಮೊದಲೇ ಹೋಗಿ ಖೋಲಿಯ ಬೀಗ ತೆಗೆಯುತ್ತಿದ್ದೆ. ಪುಸ್ತಕದ ಪಾಠ ನನಗೆ ಬಾಯಿಪಾಠವಾಗಿ ಎಷ್ಟೋ ವರ್ಷವಾಗಿತ್ತು. ಮಕ್ಕಳಿಗೆ ಗೊತ್ತಿಲ್ಲದ್ದು ನನಗೂ ಗೊತ್ತಿಲ್ಲ ಎನ್ನುವ ಸುಖವನ್ನು ಈ ಖೋಲಿ ಕೊಟ್ಟಿತ್ತು. ಆ ಐದು ಹಳೆಯ ಪೆಟ್ಟಿಗೆಗಳನ್ನು ಯಾರಾದರೂ ಹೊತ್ತುಕೊಂಡು ಹೋಗುತ್ತಾರೆ ಎಂದು ನೆನೆದಾಗಲೆಲ್ಲ ಹಾಕಿದ ಬೀಗವನ್ನು ಇನ್ನೊಮ್ಮೆ ಜಗ್ಗಿ ನೋಡುತ್ತಿದ್ದೆ.

ಒಂದು ಪಾಠ ಮಾತ್ರ ಯಾರ ತಲೆಗೂ ಹತ್ತಿರಲಿಲ್ಲ. 'ಹೀಗಿದ್ದರೆ ಇದು, ಇಲ್ಲದಿದ್ದರೆ ಅದು' ಎಂದು ನವಿಲಿಗೆ ಹೇಳುವ ಪಾಠ. "ಮಳಿ ಬಂದ್ರ ಕೊಡಿ ಹಿಡಿ, ಇಲ್ಲಂದ್ರ ಟೊಪಗಿ ಹಾಕ್ಕೋ" ಎಂದು ಉದಾಹರಣೆ ಕೊಟ್ಟೆ. "ನಮ್ಮನ್ಯಾಗ ಕೊಡಿ ಇಲ್ರಿ" ಎಂದ ಒಬ್ಬ. "ಟೊಪಗಿನೂ ಇಲ್ರಿ" ಎಂದ ಇನ್ನೊಬ್ಬ. ನಾನು ಪುಸ್ತಕ ಮುಚ್ಚಿ, ಅದನ್ನು ಸೂಟಿ ಆದ ಮೇಲೆ ನೋಡೋಣ ಎಂದೆ.

ಸೂಟಿ ಬಿಡುವ ದಿನ ಬಂತು. ನಮ್ಮ ಕಡೆ ಆಯುಧ ಪೂಜೆಗೆ ಖಂಡೆ ಪೂಜೆ ಎನ್ನುತ್ತಾರೆ. ಹಬ್ಬದ ದಿನ ಶಾಲೆಗೆ ಸೂಟಿ ಇರುವುದರಿಂದ ಹೆಡ್‌ಮಾಸ್ತರರು ಪ್ರತಿ ವರ್ಷ ಕೊನೆಯ ದಿನವೇ ಶಾಲೆಯ ಗಂಟೆ, ಸ್ಕೇಲು, ಗ್ಲೋಬು, ಬಿಸಿಯೂಟದ ಸೌಟು ಎಲ್ಲ ಇಟ್ಟು ಪೂಜೆ ಮಾಡಿಬಿಡುತ್ತಿದ್ದರು.

"ಈ ಸಲ ಕಂಪ್ಯೂಟರಿಗೂ ಪೂಜಿ ಆಗ್ಬೇಕ್ರಿ ಅಕ್ಕೋರ. ಖೋಲ್ಯಾಗ ಎಲ್ಲಾ ತಯಾರ ಮಾಡಸ್ರಿ," ಎಂದರು.

ನಾನು ದೇವರ ಫೋಟೋ, ದೀಪ ಹಚ್ಚುವ ಹಿತ್ತಾಳೆ ಸಮೆ, ತಟ್ಟೆ, ಗಂಟೆ ತಂದು ಖೋಲಿಯ ಮೇಜಿನ ಮೇಲಿಟ್ಟೆ. ಅಷ್ಟರಲ್ಲಿ ಹೆಡ್‌ಮಾಸ್ತರರ ಆಫೀಸಿನಿಂದ ಕರೆ. ಯಾವುದೋ ಮಾಹಿತಿಯನ್ನು ಹನ್ನೆರಡು ಗಂಟೆಯೊಳಗೆ ಆನ್‌ಲೈನ್ ತುಂಬಬೇಕಂತೆ. ಹೊರಡುವ ಅವಸರದಲ್ಲಿ ಮಕ್ಕಳ ಕಡೆ ತಿರುಗಿ ಹೇಳಿದೆ:

"ಎಲ್ಲಾ ಸಾಮಾನ ಛಲೋತ್ನಂಗ ತೊಳದು, ಒರಸಿ, ವಿಭೂತಿ ಹಚ್ಚಿ ಸಾಲಾಗಿ ಇಡ್ರಿ. ಲಗೂ ಆಗ್ಬೇಕು. ಹೇಳಿದಷ್ಟ ಮಾಡ್ರಿ, ನಿಮ್ಮ ತಲಿ ಓಡಸಾಕ ಹೋಗಬ್ಯಾಡ್ರಿ."

ಒಂದು ತಾಸು ಬಿಟ್ಟು ಬಂದಾಗ ಖೋಲಿಯ ಮುಂದಿನ ಕಟ್ಟೆಯ ಮೇಲೆ ಐದು ಕೀಬೋರ್ಡುಗಳು ಬಿಸಿಲಿಗೆ ಹಪ್ಪಳ ಹಾಕಿದ ಹಾಗೆ ಸಾಲಾಗಿ ಮಲಗಿದ್ದವು. ಹನಿ ತೊಟ್ಟಿಕ್ಕುತ್ತಿತ್ತು. ಬಿಸಿಯೂಟ ಮಾಡುವ ಕಾಕೂ ಹತ್ತಿರ ಪಾತ್ರೆ ತಿಕ್ಕುವ ಪುಡಿ ಇಸಿದುಕೊಂಡು, ಒಂದೊಂದು ಅಕ್ಷರದ ಸಂದಿಗೂ ಹಳೆಯ ಬ್ರಶ್ ಹಾಕಿ ತಿಕ್ಕಿ, ನಳದ ಕೆಳಗೆ ಹಿಡಿದು ತೊಳೆದಿದ್ದರು. ಆಮೇಲೆ ಪ್ರತಿಯೊಂದಕ್ಕೂ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೊಂದು ಚೆಂಡು ಹೂ. ಮೌಸುಗಳಿಗೆ ಹಣೆ ಎಲ್ಲಿದೆ ಎಂದು ಮೊದಲು ಚರ್ಚೆಯಾಗಿತ್ತಂತೆ. ಅಡಿಯಲ್ಲಿ ಕೆಂಪಗೆ ಉರಿಯುವ ದೀಪವೇ ಅದರ ಮೂರನೆಯ ಕಣ್ಣು ಎಂದು ತೀರ್ಮಾನಿಸಿ, ಆ ಕಣ್ಣಿನ ತುಂಬ ವಿಭೂತಿ ಮೆತ್ತಿದ್ದರು.

ಆ ಹೊತ್ತಿಗೆ ಕರೆಂಟು ಹೋಗಿತ್ತು, ಅದೊಂದು ಪುಣ್ಯ. ಪರದೆಗಳನ್ನು ಬರೀ ಬಟ್ಟೆಯಲ್ಲಿ ಒರೆಸಿದ್ದರು. ದೊಡ್ಡ ಪೆಟ್ಟಿಗೆಗಳನ್ನು ನಳದ ತನಕ ಎತ್ತಿಕೊಂಡು ಹೋಗಲು ಆಗಿರಲಿಲ್ಲ. ದೇವರು ಇದ್ದಾನೆ ಎಂದು ನನಗೆ ಅವತ್ತು ಆ ಪೆಟ್ಟಿಗೆಗಳ ಭಾರದಿಂದ ಗೊತ್ತಾಯಿತು.

ನನಗೆ ಕೈಕಾಲು ಆಡಲಿಲ್ಲ. ಬಾಯಿ ಮಾತ್ರ ಆಡಿತು.

"ಯಾರ ಹೇಳಿದ್ರು ಇದನ್ನ ತೊಳ್ಯಾಕ? ತಲಿ ಐತೋ ಇಲ್ಲೋ ನಿಮಗ?"

ಬ್ರಶ್ ಇನ್ನೂ ಕೈಯಲ್ಲೇ ಹಿಡಿದಿದ್ದ ರಿಬ್ಬನ್ನಿನ ಹುಡುಗಿ ಎದ್ದು ನಿಂತಳು. "ನೀವ ಹೇಳಿದ್ರಿ ಅಕ್ಕೋರ. ಎಲ್ಲಾ ಸಾಮಾನ ತೊಳೀರಿ, ತಲಿ ಓಡಸಬ್ಯಾಡ್ರಿ ಅಂತ."

ಅವಳು ಎದುರು ಮಾತಾಡಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದಳು, ಅಷ್ಟೆ. ಅದು ನಿಜವೂ ಆಗಿತ್ತು. ನಿಜವಾಗಿದ್ದುದಕ್ಕೇ ನನ್ನ ಮೈ ಉರಿದುಹೋಯಿತು. ಕಂಪನಿಯವರು, ಟೆಂಪೋ, ವಿದ್ಯಾನಗರದ ಶಾಲೆ ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದು ನಿಂತವು.

"ಬಾಯಿ ಮುಚ್ಚು! ಎಲ್ಲಾ ಹಾಳ ಮಾಡಿ ಮತ್ತ ನನಗ ಹೇಳ್ತಿ? ನೀ ಇನ್ನ ಈ ಖೋಲ್ಯಾಗ ಕಾಲಿಡಬ್ಯಾಡ!"

ಹುಡುಗಿ ಅಳಲಿಲ್ಲ. ಬ್ರಶ್ಶನ್ನು ಕಟ್ಟೆಯ ಮೇಲಿಟ್ಟು, ಚೀಲ ಹೆಗಲಿಗೇರಿಸಿ, ಹೊಸ್ತಿಲು ದಾಟಿ ಹೋದಳು. ಮುಖ ಮಾತ್ರ ಸಣ್ಣದಾಗಿತ್ತು. ಅದನ್ನು ನೋಡಿಯೂ ನಾನು ಕರೆಯಲಿಲ್ಲ. ಹೆಡ್‌ಮಾಸ್ತರರು ಬಂದು, ಕೀಬೋರ್ಡುಗಳ ಸಾಲನ್ನು ನೋಡಿ, "ಎಷ್ಟ ಚಂದ ಅಲಂಕಾರ ಮಾಡ್ಯಾರ್ರಿ," ಎಂದು ಕರ್ಪೂರ ಹಚ್ಚಿದರು.

ಸಂಜೆ ತಮ್ಮನ ಮಗಳಿಗೆ ಫೋನ್ ಮಾಡಿದೆ. ಅವಳು ಎರಡು ನಿಮಿಷ ನಕ್ಕಳು. ಆಮೇಲೆ, "ಅತ್ತಿ, ಒಣಗಸಾಕ ಇಡು. ಏನೂ ಒತ್ತಿ ನೋಡಬ್ಯಾಡ. ಸೂಟಿ ಐತೆಲ್ಲ, ಒಣಗ್ಲಿ. ಬದಕಿದ್ರ ಬದಕತಾವ," ಎಂದಳು. ಐದೂ ಕೀಬೋರ್ಡುಗಳನ್ನು ಮನೆಗೆ ತಂದು ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಇಟ್ಟೆ. ದಿನವೂ ಬೆಳಿಗ್ಗೆ ಹರವುವುದು, ಸಂಜೆ ಒಳಗಿಡುವುದು. ಪಕ್ಕದ ಮನೆಯವರು ಇದು ಯಾವ ನಮೂನೆಯ ಸಂಡಿಗೆ ಎಂದು ಕೇಳಿದರು.

ಕೀಬೋರ್ಡಿನ ಚಿಂತೆ ಒಂದು ಕಡೆ, ಆ ಸಣ್ಣ ಮುಖ ಇನ್ನೊಂದು ಕಡೆ. ತಪ್ಪು ಯಾರದೆಂದು ನನಗೇನು ಗೊತ್ತಿರಲಿಲ್ಲವೇ? ನವಿಲು ಗೋಡೆಗೆ ಹೋಗಿ ಗುದ್ದಿದರೆ ನವಿಲನ್ನು ಬೈಯಬಾರದು, ಕೊಟ್ಟ ಸೂಚನೆಯನ್ನು ಮೊದಲಿಂದ ಓದಿ ತಪ್ಪು ಹುಡುಕಬೇಕು ಎಂದು ಮೂರು ತಿಂಗಳು ಬಡಿದುಕೊಂಡವಳು ನಾನೇ. ಆದರೂ ನಾನಾಗಿ ಅವಳ ಮನೆಗೆ ಹೋಗಲು ಮನಸ್ಸು ಒಪ್ಪಲಿಲ್ಲ. ಹೇಗೂ ದಸಮಿಯ ಸಂಜೆ ಬನ್ನಿ ಕೊಡಲು ಬರುತ್ತಾಳೆ, ಆಗ ತಲೆ ಸವರಿ ಎರಡು ಉಂಡಿ ಕೊಟ್ಟರಾಯಿತು ಎಂದುಕೊಂಡೆ. ಬನ್ನಿ ಎಲೆಯನ್ನು ಕಿರಿಯರು ಬಂದು ಹಿರಿಯರ ಕೈಗಿಟ್ಟು ನಮಸ್ಕಾರ ಮಾಡುವುದು ನಮ್ಮ ಪದ್ಧತಿ. ಹಿರಿಯರು ಕೂತಲ್ಲೇ ಕೂತಿರುತ್ತಾರೆ.

ದಸಮಿಯ ಸಂಜೆ ಹೊಸ ಬಟ್ಟೆ ತೊಟ್ಟು ಮಕ್ಕಳು ಗುಂಪುಗುಂಪಾಗಿ ಬಂದರು. "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ಅಕ್ಕೋರ," ಎಂದು ಕೈತುಂಬ ಎಲೆ ಇಟ್ಟು ಕಾಲಿಗೆ ಬಿದ್ದರು. ಉಂಡಿಯ ಡಬ್ಬಿ ಅರ್ಧವಾಯಿತು. ಅವಳು ಬರಲಿಲ್ಲ.

"ಆಕಿ ಎಲ್ಲೆದಾಳ?" ಎಂದು ಕೇಳಿದೆ, ಸುಮ್ಮನೆ ಕೇಳಿದವಳ ಹಾಗೆ.

"ಮನ್ಯಾಗ ಏನೋ ಬರ್ಯಾಕತ್ತಾಳ್ರಿ. ಯಾರಿಗೂ ತೋರ್ಸವಲ್ಲಳ್ರಿ," ಎಂದರು.

ಆ ಸೋಮವಾರ ಬಂದೇಬಿಟ್ಟಿತು. ಬೆಳಿಗ್ಗೆ ಬೇಗ ಹೋಗಿ ಎಲ್ಲ ಜೋಡಿಸಿ ನೋಡಿದೆ. ಮೂರು ಕೀಬೋರ್ಡುಗಳು ಬದುಕಿದ್ದವು. ಒಂದು ಸತ್ತಿತ್ತು. ಇನ್ನೊಂದು ಏನು ಒತ್ತಿದರೂ ಒಂದೇ ಅಕ್ಷರವನ್ನು ಸಾಲುಗಟ್ಟಲೆ ಬರೆಯುತ್ತಿತ್ತು. ಮೌಸುಗಳ ಮೂರನೆಯ ಕಣ್ಣನ್ನು ಕಡ್ಡಿಗೆ ಹತ್ತಿ ಸುತ್ತಿ ಒರೆಸಿದ ಮೇಲೆ ಐದಕ್ಕೆ ಐದೂ ಕಣ್ಣು ಬಿಟ್ಟವು. ನವಿಲು ಕುಣಿಯಲು ಮೌಸ್ ಸಾಕು. ಕೀಬೋರ್ಡಿನ ಕಡೆ ಯಾರೂ ನೋಡದಿದ್ದರೆ ಬಚಾವ್. ಮಕ್ಕಳು ಸಾಲಾಗಿ ನಿಂತಾಗ ಬಾಗಿಲಲ್ಲೇ ಹೇಳಿದೆ:

"ಕೀಬೋರ್ಡ್ ತೊಳದಿದ್ದು ಯಾರೂ ಬಾಯಿ ಬಿಡಬ್ಯಾಡ್ರಿ. ತಿಳೀತಿಲ್ಲೋ?"

"ತಿಳೀತ್ರಿ," ಎಂದರು. ಒಳಗೆ ಹೋಗಿ ಕೂತರು. ಹದಿನಾಲ್ಕು ಜನ. ರಿಬ್ಬನ್ನಿನ ಹುಡುಗಿ ಹೊಸ್ತಿಲ ಹೊರಗೆ ನಿಂತೇ ಇದ್ದಳು, ಕೈಯಲ್ಲಿ ಒಂದು ಮಡಚಿದ ಹಾಳೆ ಹಿಡಿದುಕೊಂಡು. ಇನ್ನೂ ಸೆಟೆದುಕೊಂಡಿದ್ದಾಳೆ ಎಂದು ನನಗೆ ಅನಿಸಿತು. ಇಷ್ಟು ಸಣ್ಣ ಹುಡುಗಿಗೆ ಇಷ್ಟು ಸೊಕ್ಕೇ ಎಂದೂ ಅನಿಸಿತು. ಮಾತಾಡಿಸಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಗೇಟಿನ ಬಳಿ ಕಾರು ನಿಂತಿತು.

ಬಂದವಳು ಒಬ್ಬಳೇ. ಇಪ್ಪತ್ತೆಂಟು ಮೂವತ್ತರ ಹೆಣ್ಣುಮಗಳು, ಮೈಸೂರು ಕಡೆಯ ಮಾತು. ಕಾರಿನ ಹಿಂದೆ ಟೆಂಪೋ ಇದೆಯೇ ಎಂದು ನಾನು ಬಗ್ಗಿ ನೋಡಿದೆ. ಇರಲಿಲ್ಲ. ಹೆಡ್‌ಮಾಸ್ತರರು ಚಹಾ ಕೊಡಿಸಿ ಖೋಲಿಗೆ ಕರೆತಂದರು. ನವಿಲು ರಂಗೋಲಿ ಬಿಡಿಸಿತು. ಆಕೆಗೆ ಖುಷಿಯಾಯಿತು.

"ಚೆನ್ನಾಗಿದೆ. ಈಗ ಇದರ ಕೆಳಗೆ ನಿಮ್ಮ ಶಾಲೆ ಹೆಸರು ಬರೆದು ತೋರಿಸಿ ನೋಡೋಣ."

ಆಕೆ ಹೇಳಿದ್ದು ಸರಿಯಾಗಿ ಆ ಸತ್ತ ಕೀಬೋರ್ಡಿನ ಮುಂದೆ. ಅಲ್ಲಿ ಕೂತಿದ್ದ ಹುಡುಗ ಒತ್ತಿದ, ಒತ್ತಿದ, ನನ್ನ ಮುಖ ನೋಡಿದ. ಆಕೆ ತಂತಿ ಸಡಿಲಾಗಿರಬಹುದು ಎಂದು ಪಕ್ಕದಲ್ಲಿ ಕೂತು ಕೀಬೋರ್ಡನ್ನು ಎತ್ತಿ ಬೋರಲು ಹಿಡಿದಳು. ಅದರೊಳಗಿಂದ ಒಂದು ಚಿಟಿಕೆ ವಿಭೂತಿ, ಒಣಗಿದ ಎರಡು ಚೆಂಡು ಹೂವಿನ ಎಸಳು ಆಕೆಯ ಮಡಿಲಿಗೆ ಉದುರಿದವು.

"ಇದೇನು ಸರ್?"

"ಪ್ರಸಾದ ಅನ್ಕೋರಿ ಮೇಡಂ," ಎಂದರು ಹೆಡ್‌ಮಾಸ್ತರರು.

ಆಕೆ ನಗಲಿಲ್ಲ. ಎಸಳನ್ನು ಬೆರಳಲ್ಲಿ ಹಿಡಿದು ಮಕ್ಕಳ ಕಡೆ ನೋಡಿದಳು. "ಕೀಬೋರ್ಡಿಗೆ ಏನಾಯ್ತು?" ಹದಿನಾಲ್ಕು ಬಾಯಿಗೂ ಬೀಗ. ನಾನು ಹಾಕಿದ ಬೀಗ ಎಷ್ಟು ಭದ್ರವಾಗಿತ್ತೆಂದರೆ ಒಬ್ಬ ಹುಡುಗ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದ.

ಆಗ ಹೊಸ್ತಿಲ ಹೊರಗಿನಿಂದ ಒಂದು ಕೈ ಒಳಗೆ ಚಾಚಿತು. ಕೈಯಲ್ಲಿ ಆ ಹಾಳೆ. ನಾನು ಬಾಯಿ ಬಿಡಬ್ಯಾಡ ಎಂದಿದ್ದೆ. ಹಾಳೆ ಕೊಡಬ್ಯಾಡ ಎಂದಿರಲಿಲ್ಲ.

ಆಕೆ ಹಾಳೆ ಬಿಚ್ಚಿ, ನಮ್ಮ ಕಡೆಯ ಮಾತನ್ನು ತಡವರಿಸುತ್ತ ಗಟ್ಟಿಯಾಗಿ ಓದಿದಳು:

"ಖಂಡೆ ಪೂಜಿಗೆ ಸಾಮಾನ ತಯಾರ ಮಾಡೋದು. ಸಾಮಾನಿಗೆ ವಾಯರ್ ಐತಿ ಅಂದ್ರ ಒಣ ಬಟ್ಟಿಲೆ ಒರಸು. ಇಲ್ಲಂದ್ರ ನೀರಾಗ ತೊಳಿ. ಹೊಟ್ಟ್ಯಾಗ ಕೆಂಪ ದೀಪ ಐತಿ ಅಂದ್ರ ವಿಭೂತಿ ಬೆನ್ನಿಗೆ ಹಚ್ಚು. ಇಲ್ಲಂದ್ರ ಹಣಿಗೆ ಹಚ್ಚು. ಏನ ಮಾಡ್ಬೇಕಂತ ತಿಳೀಲಿಲ್ಲಂದ್ರ ಅಕ್ಕೋರನ್ನ ಕೇಳು. ಅಕ್ಕೋರ ಸಿಟ್ಟಿನ್ಯಾಗ ಅದಾರ ಅಂದ್ರ..."

ಆಕೆ ಅಲ್ಲಿ ನಿಲ್ಲಿಸಿ ನನ್ನ ಕಡೆ ನೋಡಿದಳು. ಆಮೇಲೆ ಮುಂದಿನದನ್ನೂ ಓದಿದಳು.

"ಸಿಟ್ಟು ಇಳಿಯೂತನಕಾ ಹೊರಗ ನಿಂದ್ರು."

ಮಳೆ, ಕೊಡೆ, ಟೋಪಿ ಹಿಡಿದು ಹೇಳಿದರೂ ಯಾರ ತಲೆಗೂ ಹತ್ತದ ಪಾಠ ಆ ಹಾಳೆಯಲ್ಲಿತ್ತು, ಒಂದು ಕಡೆಯೂ ತಪ್ಪಿಲ್ಲದೆ. ನನಗೆ ಹೆಮ್ಮೆಯಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

"ಇದನ್ನು ಬರೆದಿದ್ದು ನೀನೇನಾ? ಒಳಗೆ ಬಾ ಪುಟ್ಟಿ," ಎಂದಳು ಆಕೆ.

ಹುಡುಗಿ ಅಲುಗಲಿಲ್ಲ. "ಅಕ್ಕೋರ ಈ ಖೋಲ್ಯಾಗ ಕಾಲಿಡಬ್ಯಾಡ ಅಂದಾರ್ರಿ."

"ಯಾವಾಗ?"

"ಸೂಟಿ ಬಿಟ್ಟ ದಿನಾರಿ. ಎಲ್ಲೀತನಕಾ ಅಂತ ಹೇಳಿಲ್ರಿ."

ಸೊಕ್ಕಲ್ಲ, ಸೆಡವಲ್ಲ. ಕಂಬದ ಸುತ್ತ ನಾನು ಸುತ್ತಿದ ಹಾಗೆ ಅವಳು ಹೊಸ್ತಿಲಲ್ಲಿ ನಿಂತಿದ್ದಳು. ನಿಲ್ಲು ಎಂದು ನನಗೆ ಹೇಳಲು ಅವತ್ತು ಅವಳಿದ್ದಳು. ಅವಳಿಗೆ ಹೇಳಲು ಯಾರೂ ಇರಲಿಲ್ಲ. ಕಂಪ್ಯೂಟರುಗಳು ಹೋದರೆ ಹೋಗಲಿ ಎಂದು ಆ ಕ್ಷಣ ನಿಜವಾಗಿ ಅನಿಸಿತು.

"ಮೇಡಂ, 'ಎಲ್ಲಾ ಸಾಮಾನ ತೊಳೀರಿ' ಅಂತ ಹೇಳಿದಾಕಿ ನಾನ್ರಿ. ಹುಡುಗೂರು ನಾ ಹೇಳಿದಷ್ಟ ಮಾಡ್ಯಾರ. ಬೈದಾಕಿನೂ ನಾನ. ಬಾಯಿ ಬಿಡಬ್ಯಾಡ್ರಿ ಅಂದಾಕಿನೂ ನಾನ. ನೀವು ಏನ ಬರಕೋತೀರಿ ಬರಕೋರಿ," ಎಂದೆ.

ಎಂದವಳು ಬಾಗಿಲಿಗೆ ಹೋದೆ. ದಸಮಿಯ ದಿನ ಮಕ್ಕಳು ಕೊಟ್ಟ ಬನ್ನಿಯಲ್ಲಿ ಒಂದು ಹಿಡಿ ಪರ್ಸಿನಲ್ಲೇ ಇತ್ತು, ಒಣಗಿ ಮುರುಟಿಕೊಂಡಿತ್ತು. ಅದನ್ನು ತೆಗೆದು ಮೊದಲು ನಾನೇ ಅವಳ ಕೈಗಿಟ್ಟೆ. ಹಿರಿಯರು ಹಾಗೆ ಮಾಡುವುದಿಲ್ಲ. ಅವಳು ಗಾಬರಿಯಿಂದ ಬಗ್ಗಿ ನನ್ನ ಕಾಲು ಮುಟ್ಟಲು ಹೋದಳು, ನಾನು ಬಿಡಲಿಲ್ಲ.

"ತಪ್ಪ ನಂದು. ಒಳಗ ಬಾ."

ಅವಳು ಒಂದು ಕಾಲು ಎತ್ತಿ, ಹೊಸ್ತಿಲ ಮೇಲೆಯೇ ತಡೆದು, ಮುಖ ಮೇಲೆತ್ತಿ ಕೇಳಿದಳು:

"ಎಲ್ಲೀತನಕಾ ರೀ?"

ನಾನು ಈ ಸಲ ಯೋಚಿಸಿ ಹೇಳಿದೆ. "ನಿನಗ ಸಾಕನಸೂತನಕಾ."

ಅವಳು ಒಳಗೆ ಬಂದು, ಬದುಕಿದ್ದ ಒಂದು ಕೀಬೋರ್ಡಿನ ಮುಂದೆ ಕೂತು, ರಂಗೋಲಿಯ ಕೆಳಗೆ ಶಾಲೆಯ ಹೆಸರನ್ನು ಒಂದೊಂದೇ ಅಕ್ಷರ ಹುಡುಕಿ ಬರೆದಳು. ಕಂಪನಿಯ ಹೆಣ್ಣುಮಗಳು ಬಹಳ ಹೊತ್ತು ಏನೋ ಬರೆದುಕೊಂಡಳು. ಹೊರಡುವಾಗ ಆ ಹಾಳೆಯ ಫೋಟೋ ತೆಗೆದಳು. ಅದು ಅಡ್ಡ ಬಂತು. ನಾನು ತಿರುಗಿಸಿ ನೆಟ್ಟಗೆ ಮಾಡಿಕೊಟ್ಟೆ.

"ಎರಡು ಕೀಬೋರ್ಡ್ ಕಳಿಸ್ತೀವಿ ಸರ್. ಕಂಪ್ಯೂಟರ್ ಇಲ್ಲೇ ಇರಲಿ," ಎಂದು ಹೆಡ್‌ಮಾಸ್ತರರಿಗೆ ಹೇಳಿ, ಕಾರು ಹತ್ತುವ ಮುಂಚೆ ನನಗೆ, "ತೊಳೀಬೇಡಿ ಅಷ್ಟೆ," ಎಂದಳು.

ಆ ಹುಡುಗಿ ಈಗ ಹೈಸ್ಕೂಲಿಗೆ ಹೋಗುತ್ತಾಳೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಕೂಡಲೇ ಅದೇ ರಿಬ್ಬನ್ನು ಕಟ್ಟಿಕೊಂಡು ನಮ್ಮ ಖೋಲಿಗೆ ಬಂದು ಕೂಡುತ್ತಾಳೆ. ನಾನು ಬೀಗ ಹಾಕುವ ಹೊತ್ತಾದರೂ ಏಳುವುದಿಲ್ಲ. ಇನ್ನೂ ಸಾಕು ಅಂದಿಲ್ಲ.